ಪಹಣಿಯಲ್ಲಿ ಅತ್ತಿಗೆಯ ಹೆಸರು

ನಮ್ಮ ಕಡೆ ಗದ್ದೆಗೆ ಹೋಗುವ ಹೆಂಗಸನ್ನು "ನೀ ಎಂತ ಮಾಡ್ತೆ?" ಎಂದು ಕೇಳಿ ನೋಡಿ. "ಎಂತಾ ಇಲ್ಲ, ಮನೇಲೇ ಇರ್ತೆ" ಎನ್ನುತ್ತಾಳೆ. ನಟ್ಟಿ ಮಾಡಿ ಸೊಂಟ ಹಿಡಿದಿರುತ್ತದೆ, ಕಾಲಿನ ಕೆಸರು ಇನ್ನೂ ಒಣಗಿರುವುದಿಲ್ಲ, ಆದರೂ "ಎಂತಾ ಇಲ್ಲ"! ಹಾಳಿಯ ಮೇಲೆ ಕೊಡೆ ಹಿಡಿದು ನಿಂತ ಗಂಡಸು ಮಾತ್ರ ರೈತ.

ನನ್ನ ತವರು ಕುಮಟಾ ತಾಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ. ಅಲ್ಲಿಯ ಗದ್ದೆಗೆ ಗಜನಿ ಎನ್ನುತ್ತಾರೆ. ಮಳೆಗಾಲದಲ್ಲಿ ನೀರು ಸಿಹಿಯಾದಾಗ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪನ್ನೂ ನೆರೆಯನ್ನೂ ತಡೆದುಕೊಳ್ಳುವ ಗಟ್ಟಿ ಜಾತಿ ಅದು, ನಮ್ಮ ಹೆಂಗಸರ ಹಾಗೆಯೇ! ಕೊಯ್ಲಾದ ಮೇಲೆ ಉಪ್ಪು ನೀರು ಬಿಟ್ಟುಕೊಂಡರೆ ಅದೇ ಗದ್ದೆಯಲ್ಲಿ ಮೀನು, ಸೀಗಡಿ. ನೀರು ಇಳಿದ ಹೊತ್ತಿನಲ್ಲಿ ಹೆಂಗಸರು ಬುಟ್ಟಿ ಹಿಡಿದು ಅಳಿವೆಗಿಳಿದು ಬಳಚು ಆರಿಸುತ್ತಾರೆ. ಆ ಬೆರಳುಗಳನ್ನು ನೋಡಬೇಕು, ಚಿಪ್ಪು ತಾಗಿ ಗೀರು ಬೀಳದ ಜಾಗವೇ ಇಲ್ಲ. 2024ರಲ್ಲಿ ಈ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿ ಲೋಕಕ್ಕೆಲ್ಲ ಹೆಸರಾಯಿತು. ಅದರಲ್ಲಿ ದುಡಿಯುವವಳ ಹೆಸರು ಮಾತ್ರ ಯಾವ ಕಾಗದದಲ್ಲಿದೆ?

ಇದು ನನಗೆ ತಿಳಿದದ್ದು ಅಣ್ಣ ತೀರಿಕೊಂಡ ಮೇಲೆ. ಮೂವತ್ತು ವರ್ಷ ಆ ಗದ್ದೆ ನೋಡಿಕೊಂಡವಳು ಅತ್ತಿಗೆ. ಬೆಳೆಸಾಲ ಕೇಳಲು ಸೊಸೈಟಿಗೆ ಹೋದರೆ "ಪಹಣಿ ನಿಮ್ಮ ಮಾವನ ಹೆಸರಲ್ಲಿದೆಯಲ್ಲಮ್ಮ" ಎಂದು ವಾಪಸು ಕಳಿಸಿದರು. ಅಪ್ಪ ಹೋಗಿ ಎಷ್ಟೋ ವರ್ಷವಾಗಿತ್ತು! ಸಾಲವೊಂದೇ ಅಲ್ಲ, ಕಿಸಾನ್ ಸಮ್ಮಾನ್ ಹಣಕ್ಕೂ ಬೆಳೆ ಪರಿಹಾರಕ್ಕೂ ಮೊದಲು ನೋಡುವುದು ಪಹಣಿಯನ್ನೇ.

ನೆಂಟರು ಸೇರಿದರು. "ಗೋವಾದಲ್ಲಿರುವ ಮಗನ ಹೆಸರಿಗೆ ಮಾಡಿಸಿದರಾಯ್ತು, ಅವಳಿಗೆ ಯಾಕೆ?" ಎಂದರು ದೊಡ್ಡಪ್ಪ. ಅತ್ತಿಗೆ ತಲೆ ತಗ್ಗಿಸಿ ಕೂತಿದ್ದಳು. ಆಗ ಮಗನೇ ಹೇಳಿದ, "ಗದ್ದೆಗೆ ಇಳಿಯೋದು ಅಮ್ಮ. ಅವಳ ಹೆಸರು ಇರಲೇಬೇಕು."

ಪೌತಿ ಖಾತೆಗೆ ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೆವು. ಅಪ್ಪನ ಮತ್ತು ಅಣ್ಣನ ಮರಣಪತ್ರ, ವಂಶವೃಕ್ಷ, ಆಧಾರ್, ಇಷ್ಟು ಕಾಗದ ಬೇಕಾಯಿತು. ವಂಶವೃಕ್ಷದಲ್ಲಿ ಮಗಳಾದ ನನ್ನ ಹೆಸರೂ ಬಂತು! ಕರ್ನಾಟಕದಲ್ಲಿ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಡುವ ತಿದ್ದುಪಡಿ 1994ರಲ್ಲೇ ಜಾರಿಗೆ ಬಂದಿತ್ತು, ಆಗ ಮದುವೆಯಾಗದಿದ್ದವರಿಗೆ. 2005ರ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಾನು ನನ್ನ ಪಾಲನ್ನು ಅತ್ತಿಗೆಗೆ ಬಿಟ್ಟೆ. ಯಾರದೋ ಒತ್ತಾಯಕ್ಕಲ್ಲ, ಕಾಗದ ಪೂರ್ತಿ ಓದಿ, ನನ್ನ ಇಷ್ಟದಿಂದ. ಬಿಟ್ಟುಕೊಡುವುದಕ್ಕೂ ಮೊದಲು ಅದು ನಮ್ಮದು ಎಂದು ಗೊತ್ತಿರಬೇಕಲ್ಲವೇ?

ಕೆಲವು ತಿಂಗಳಲ್ಲಿ ಪಹಣಿ ಕೈಗೆ ಬಂತು. ಅತ್ತಿಗೆ ತನ್ನ ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದಳು. ಆ ವರ್ಷದ ಬೆಳೆಸಾಲಕ್ಕೆ ಸಹಿ ಹಾಕಿದವಳು ಅವಳೇ.

ಮೀನಿನ ಕೆಲಸದವರ ಪಾಡು ಇನ್ನೂ ಕಷ್ಟ. ಹೊಳೆಗೆ ಪಹಣಿಯಿಲ್ಲ! ದೋಣಿ ಬಲೆ ಗಂಡನ ಹೆಸರಿನಲ್ಲಿ. ಮೀನು ಒಣಗಿಸುವುದು, ಬುಟ್ಟಿ ಹೊತ್ತು ಮಾರುವುದು, ಬಳಚು ಆರಿಸುವುದು ಹೆಂಗಸಿನ ಕೆಲಸ. ಆದರೂ ದಾರಿಗಳಿವೆ. ಕಿಸಾನ್ ಕ್ರೆಡಿಟ್ ಕಾರ್ಡನ್ನು 2018-19ರಲ್ಲಿ ಮೀನುಗಾರಿಕೆಗೂ ವಿಸ್ತರಿಸಿದರು, ಮಹಿಳೆಯರ ಸಂಘಗಳೂ ಅದನ್ನು ಕೇಳಬಹುದು. ಮೀನುಗಾರ ಮಹಿಳೆಯರ ಬಡ್ಡಿಯಿಲ್ಲದ ಸಾಲದ ಮಿತಿಯನ್ನು 50 ಸಾವಿರದಿಂದ 3 ಲಕ್ಷಕ್ಕೆ ಏರಿಸುವುದಾಗಿ 2023ರ ರಾಜ್ಯ ಬಜೆಟ್ಟಿನಲ್ಲಿ ಹೇಳಿದರು. ಅತ್ತಿಗೆಯ ನೆರೆಮನೆಯವಳಿಗೆ ಇದು ಗೊತ್ತೇ ಇರಲಿಲ್ಲ. ಈಗ ಸಂಘದ ನಾಲ್ವರು ಸೇರಿ ಮೀನುಗಾರಿಕೆ ಇಲಾಖೆಗೆ ಹೋಗಿ ವಿಚಾರಿಸಿಕೊಂಡು ಬಂದಿದ್ದಾರೆ.

ವಿಶ್ವಸಂಸ್ಥೆ 2026ನ್ನು ರೈತ ಮಹಿಳೆಯರ ಅಂತರರಾಷ್ಟ್ರೀಯ ವರ್ಷವೆಂದು ಸಾರಿದೆ. ಭಾಷಣ, ಹಾರತುರಾಯಿ ನಡೆಯಲಿ ಬಿಡಿ. ಸೋದರಿಯರೇ, ನೀವು ಮಾತ್ರ ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಮನೆಯ ಪಹಣಿ ತೆಗೆದು ನೋಡಿ. ಯಾರ ಹೆಸರಿದೆ? ಅವರು ಬದುಕಿದ್ದಾರೆಯೇ? ದುಡಿಯುವವಳ ಹೆಸರು ಎಲ್ಲಿದೆ? ಜಗಳ ಬೇಡ, ಒಲೆಯ ಮುಂದೆ ಕೂತು ಸಮಾಧಾನದಿಂದ ಕೇಳಿ. ಕೇಳುವುದನ್ನು ಮಾತ್ರ ಬಿಡಬೇಡಿ.