ಎದೆಯೊಳಗಿನ ಕಾವಲು



ಹೆಗ್ಗಡದೇವನಕೋಟೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರ್. ಪಿರಿಯಾಪಟ್ಟಣ ಇನ್ನೂ ದೂರ. ಹೃದಯದ ಕೆಳಕೋಣೆಗಳು ಲಯ ತಪ್ಪಿ ಬರಿದೇ ಕಂಪಿಸತೊಡಗಿದರೆ ರಕ್ತಸಂಚಾರ ನಿಂತು, ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಎದೆಯೊತ್ತುವವರಿಲ್ಲದೆ, ವಿದ್ಯುತ್ ಚಿಕಿತ್ಸೆ ತಡವಾಗುವ ಪ್ರತಿ ನಿಮಿಷಕ್ಕೂ ಉಳಿಯುವ ಸಾಧ್ಯತೆ ಶೇ. 7ರಿಂದ 10ರಷ್ಟು ಕುಗ್ಗುತ್ತದೆ. ಎಷ್ಟೇ ವೇಗದ ಆಂಬುಲೆನ್ಸಿಗೂ ಗೆಲ್ಲಲಾಗದ ಲೆಕ್ಕವಿದು. ಆದಕಾರಣ, ಚಿಕಿತ್ಸೆಯನ್ನು ರೋಗಿಯ ಎದೆಯೊಳಗೇ ಇರಿಸುವ ಉಪಾಯವನ್ನು ಮಿಷೆಲ್ ಮಿರೋವ್ಸ್ಕಿ ಎಂಬ ವೈದ್ಯರು ಕಂಡುಕೊಂಡರು. 1980ರಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆಯಲ್ಲಿ ಅದನ್ನು ಮೊದಲ ಬಾರಿಗೆ ಮನುಷ್ಯರಿಗೆ ಅಳವಡಿಸಲಾಯಿತು. ಅದೇ ಐ.ಸಿ.ಡಿ.

ಕೋಟೆ ತಾಲ್ಲೂಕಿನ ನಮ್ಮ ಸೋದರಮಾವನವರಿಗೆ ಹೃದಯಾಘಾತದ ತರುವಾಯ ಹೃದಯ ದುರ್ಬಲವಾಗಿ, ಎಡ ಹೆಗಲಿನ ಬಳಿ ಚರ್ಮದಡಿ ಇದನ್ನು ಇರಿಸಿದರು. ಪೇಸ್‌ಮೇಕರ್ ನಿಧಾನವಾದ ಹೃದಯವನ್ನು ನಡೆಸುವಂಥದು. ಇದಾದರೋ ಮಿತಿಮೀರಿ ಓಡುವ ಹೃದಯವನ್ನು ಮೊದಲು ಅರಿವಿಗೇ ಬಾರದ ಮಿಡಿತಗಳಿಂದ, ಅದಕ್ಕೂ ಬಗ್ಗದಿದ್ದರೆ ಆಘಾತದಿಂದ, ದಾರಿಗೆ ತರುತ್ತದೆ.

ಒಂದು ದಿನ ಹೊಲದಲ್ಲಿ ಅಂತಹ ಆಘಾತ ತಗುಲಿತು. ಜೀವ ಉಳಿಯಿತು, ಧೈರ್ಯ ಹೋಯಿತು. "ಸಾವಿಗಲ್ಲ ಕಣಪ್ಪ, ಆ ಏಟಿಗೇ ಭಯ" ಎಂದರು. ಹೊಲ ಬಿಟ್ಟರು, ಬೆಳ್ಳಿಯ ಕರಡಿಗೆ ಎದೆಗೆ ತಾಗಲೂ ಅಂಜಿದರು. ತಪಾಸಣೆಗೆ ನಾನೂ ಜೊತೆಗೆ ಹೋದೆ. ವೈದ್ಯರು ಬಿಡಿಸಿ ಹೇಳಿದರು: ಬೆಳ್ಳಿಗೆ ಕಾಂತಗುಣವಿಲ್ಲ, ಕರಡಿಗೆಗೆ ಅಡ್ಡಿಯಿಲ್ಲ. ದೂರವಿಡಬೇಕಾದದ್ದು ಆಯಸ್ಕಾಂತವನ್ನು, ಮೊಬೈಲನ್ನು ಎಡ ಜೇಬಿನಲ್ಲಿ ಇಡಬಾರದು. ಗಾಯ ಮಾಗುವ ಮೊದಲ ಕೆಲವು ವಾರ ಎಡಗೈಯನ್ನು ಭುಜಕ್ಕಿಂತ ಮೇಲೆತ್ತಬಾರದು, ಅಷ್ಟೇ. ಒಂದು ಆಘಾತವಾಗಿ ಆರಾಮವೆನಿಸಿದರೆ ವೈದ್ಯರಿಗೆ ತಿಳಿಸಿದರೆ ಸಾಕು; ಒಂದರ ಹಿಂದೊಂದು ಬಂದರೆ, ಎಚ್ಚರ ತಪ್ಪಿದರೆ, ಒಡನೆಯೇ 108ಕ್ಕೆ ಕರೆ ಮಾಡಬೇಕು. ಆ ಹೊತ್ತಿನಲ್ಲಿ ರೋಗಿಯನ್ನು ಮುಟ್ಟಿದವರಿಗೆ ಅಪಾಯವಿಲ್ಲ.

2025ರ ಜುಲೈನಲ್ಲಿ ಹಾಸನದ ಸಾವುಗಳ ಸುದ್ದಿಗೆ ಬೆದರಿ ಜನರು ಮೈಸೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಮುಗಿಬಿದ್ದದ್ದು ನೆನಪಿದೆ. ಭಯ ಬಂದ ದಿನ ಓಡುವುದಕ್ಕಿಂತ, ಗೊತ್ತುಪಡಿಸಿದ ದಿನ ತಪ್ಪದೆ ಹೋಗಿ ಯಂತ್ರವನ್ನೂ ಅದರ ಬ್ಯಾಟರಿಯನ್ನೂ ಪರೀಕ್ಷಿಸಿಕೊಳ್ಳುವುದು ಲೇಸು. ಯಂತ್ರವು ಕಾವಲುಗಾರನೇ ಹೊರತು ವೈದ್ಯನಲ್ಲ, ಮಾತ್ರೆ ಬಿಡುವಂತಿಲ್ಲ. ಕಾಯಿಲೆ ಕೈಮೀರಿ ಅಂತ್ಯ ಸಮೀಪಿಸಿದಾಗ, ರೋಗಿಯ ಇಚ್ಛೆಯಂತೆ ಆಘಾತ ನೀಡುವ ಕಾರ್ಯವನ್ನಷ್ಟೇ ನಿಲ್ಲಿಸಲೂ ಬರುತ್ತದೆ. ಅದನ್ನು ಮನೆಯವರು ಮೊದಲೇ ಮಾತಾಡಿಕೊಂಡಿರಬೇಕು.

ಮೈಸೂರಿನ ದೂರವನ್ನು ಯಂತ್ರ ನೀಗಿತು. ಭಯದ ದೂರವನ್ನು ನೀಗಬೇಕಾದದ್ದು ಅರಿವು. ಮಾವನವರು ಈಗ ಮತ್ತೆ ಕಾಯಕಕ್ಕೆ ಇಳಿದಿದ್ದಾರೆ.