ಕಿವಿ ಮತ್ತು ಬಾಯಿ

ನಮ್ಮ ಚಿಕ್ಕಪಡಸಲಗಿಯಲ್ಲಿ ಪೈಪ್‌ಲೈನ್ ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. 1989ರಲ್ಲಿ ರೈತರು ತಾವೇ ಹಣ ಕೂಡಿಸಿ, ಬೆವರು ಸುರಿಸಿ ಕೃಷ್ಣೆಗೆ ಬ್ಯಾರೇಜು ಕಟ್ಟಿದ ಊರು ಇದು. ನೀರೆತ್ತುವ ಮೋಟರಿಗೆ ಗೊತ್ತಿರುವುದು ಎರಡೇ: ಒಂದು ಕಡೆ ಎಳೆಯುವುದು, ಇನ್ನೊಂದು ಕಡೆ ಬಿಡುವುದು. ನದಿಯ ನೀರೋ ಬಾವಿಯ ನೀರೋ ಎಂದು ಅದು ಕೇಳುವುದಿಲ್ಲ. ಕಂಪ್ಯೂಟರಿನ ಪ್ರೋಗ್ರಾಮೂ ಹಾಗೆಯೇ ಎಂದು ನನಗೆ ತಿಳಿದದ್ದು ಐವತ್ತು ದಾಟಿದ ಮೇಲೆ.

ಮಕ್ಕಳ ಅಂಕ ಕೂಡಿಸುವ ಸಣ್ಣ ಪ್ರೋಗ್ರಾಮೊಂದನ್ನು ಬೆಂಗಳೂರಿನಲ್ಲಿರುವ ಮಗ ಕಳಿಸಿದ್ದ. ಇಳಿಸಿಕೊಂಡು ಎರಡು ಸಲ ಒತ್ತಿದೆ. ಏನೂ ಬರಲಿಲ್ಲ. ಫೋನ್ ಮಾಡಿ, "ನಿಂದು ಕೆಟ್ಟೈತಿ ನೋಡಪಾ" ಎಂದೆ. ಅವನು ನಕ್ಕ.

"ಕೆಟ್ಟಿಲ್ಲವ್ವಾ. ಹಂಗ ಒತ್ತಿದ್ರ ಅದಕ್ಕ ಕಿವೀನೂ ಇಲ್ಲ, ಬಾಯೀನೂ ಇಲ್ಲ. ಟರ್ಮಿನಲ್ ತಗದು ಅದರಾಗ ನಡಸು."

ಕರಿ ಕಿಟಕಿ ತೆರೆದು ಪ್ರೋಗ್ರಾಮಿನ ಹೆಸರು ಟೈಪು ಮಾಡಿದೆ. ಬಿಳಿ ಗೆರೆಯೊಂದು ಮಿಣುಕುತ್ತ ನಿಂತಿತು. ಅದು ಕೆಟ್ಟು ನಿಂತದ್ದಲ್ಲ, ನನ್ನ ಮಾತಿಗೆ ಕಾಯುತ್ತಿತ್ತು. ಕೀಲಿಮಣೆಯಿಂದ ಹೋಗುವುದು ಸ್ಟ್ಯಾಂಡರ್ಡ್ ಇನ್‌ಪುಟ್, ತೆರೆಗೆ ಬರುವುದು ಸ್ಟ್ಯಾಂಡರ್ಡ್ ಔಟ್‌ಪುಟ್. ಕೀಲಿಮಣೆ ಬಿಟ್ಟು ಕಡತದಿಂದ ಕೊಟ್ಟರೂ ಅದರ ತಕರಾರಿಲ್ಲ. ಒಂದು ಪ್ರೋಗ್ರಾಮಿನ ಬಾಯಿಂದ ಇನ್ನೊಂದರ ಕಿವಿಗೆ ಹಾಯಿಸುವ ಏರ್ಪಾಡನ್ನು ಅಮೆರಿಕದ ಬೆಲ್ ಲ್ಯಾಬ್ಸ್‌ನವರು 1973ರಲ್ಲಿ ಯುನಿಕ್ಸಿಗೆ ಸೇರಿಸಿದರು. ಅದರ ಹೆಸರೇ ಪೈಪ್! ಅಲ್ಲಿಯೇ ರಾಬ್ ಪೈಕ್ ಮತ್ತು ಬಾರ್ಟ್ ಲೊಕಾಂತಿ 1982ರ ಸುಮಾರಿಗೆ ಬ್ಲಿಟ್ ಎಂಬ ಚಿತ್ರ ತೋರಿಸುವ ಟರ್ಮಿನಲ್ ಮಾಡಿದರು. ದೊಡ್ಡ ಯಂತ್ರದಿಂದ ಇಳಿದ ಪ್ರೋಗ್ರಾಮು ಆ ಟರ್ಮಿನಲ್ಲಿನೊಳಗೇ ನಡೆಯುತ್ತಿತ್ತು. ತವರು ಮರೆಯದ ಮಗಳಂತೆ ದೊಡ್ಡ ಯಂತ್ರದೊಡನೆ ಮಾತನ್ನೂ ಇಟ್ಟುಕೊಂಡಿತ್ತು.

ನಾಲ್ಕು ಕಿರುಪರೀಕ್ಷೆಗಳ ಅಂಕ ಹಾಕುತ್ತ ಹೋದೆ. ಒಬ್ಬ ಹುಡುಗಿಗೆ ತೆರೆ 50 ಎಂದಿತು. ನನ್ನ ಪುಸ್ತಕದಲ್ಲಿ 40 ಇತ್ತು. 13, 14, 12, 11. ಬೆರಳು ಮಡಚಿ ಎಣಿಸಿದೆ. ದಶಕ ಕೂಡಿಸುವುದನ್ನು ನಾನೇ ಮರೆತಿದ್ದೆ. ಆ ನಲವತ್ತನ್ನು ನಂಬಿ ಅವಳನ್ನು ಹಿಂದುಳಿದವರ ಸಾಲಿಗೆ ಹಾಕಿದ್ದೆ. ಬಾಯಿ ಬಿಡುವುದಿಲ್ಲವೆಂದು ಗದರಿಯೂ ಇದ್ದೆ.

ಮರುದಿನ ಎಲ್ಲರೆದುರು ತಪ್ಪು ನನ್ನದೆಂದು ಹೇಳಿದೆ. ಅವಳು ತಲೆ ತಗ್ಗಿಸಿ, "ನನಗ ಗೊತ್ತಿತ್ರೀ ಅಕ್ಕೋರ, ಮನ್ಯಾಗ ಕೂಡಿಸಿ ನೋಡಿದ್ದೆ" ಎಂದಳು.

"ಮತ್ತ ಯಾಕ ಹೇಳಲಿಲ್ಲವಾ?"

"ನೀವು ಕೇಳಲಿಲ್ರೀ."

ಯಂತ್ರದ ಮಿಣುಕುವ ಗೆರೆಯಾದರೂ ಕಾಯುತ್ತಿರುವುದನ್ನು ತೋರಿಸುತ್ತದೆ. ಮನೆಯ ಕಪಾಟಿನಲ್ಲಿ ಇಪ್ಪತ್ತೈದು ವರ್ಷಗಳ ನನ್ನ ಅಂಕಪುಸ್ತಕಗಳಿವೆ. ದಿನಕ್ಕೊಂದು ತೆಗೆದು ಕೂಡಿಸುತ್ತಿದ್ದೇನೆ.