ಮೂಳೆ ವಾರ್ಡಿನ ಮಂಚಗಳು

1980ರ ದಶಕದಲ್ಲಿ ನಾನು ಸರ್ಕಾರಿ ಆಸ್ಪತ್ರೆಯೊಂದರ ಮೂಳೆ ವಾರ್ಡಿಗೆ ಸ್ಟಾಫ್ ನರ್ಸ್ ಆಗಿ ಸೇರಿದಾಗ ತೂಕ ಕಟ್ಟದ ಮಂಚ ಕಾಣುವುದೇ ಅಪರೂಪವಾಗಿತ್ತು. ತೊಡೆಮೂಳೆ ಮುರಿದವರಿಗೆ ಮಂಡಿಯ ಸ್ವಲ್ಪ ಕೆಳಗೆ ಉಕ್ಕಿನ ಪಿನ್ ತೂರಿಸಿ, ಕಾಲನ್ನು ಕಬ್ಬಿಣದ ಚೌಕಟ್ಟಿನ ಮೇಲಿಟ್ಟು, ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ತೂಕ ಇಳಿಬಿಡುತ್ತಿದ್ದರು. ತೂಕದ ಕಲ್ಲು ಸಾಲದಿದ್ದರೆ ಇಟ್ಟಿಗೆ, ಇಲ್ಲವೇ ಮರಳಿನ ಚೀಲ. ತೊಡೆಯ ಮಾಂಸಖಂಡಗಳು ಬಲವಾದವು; ಮುರಿದ ತುದಿಗಳನ್ನು ಒಂದರ ಮೇಲೊಂದು ಎಳೆದುಕೊಳ್ಳುತ್ತವೆ. ಅದನ್ನು ತಡೆಯಲು ಈ ಎಳೆತ, ಅಂದರೆ ಟ್ರಾಕ್ಷನ್. ಎಂಟು ವಾರ, ಹತ್ತು ವಾರ, ಕೆಲವರಿಗೆ ಮೂರು ತಿಂಗಳು, ಅಂಗಾತ ಮಲಗಿಯೇ ಇರಬೇಕಿತ್ತು.

ವಯಸ್ಸಿನ ಹುಡುಗರು ತಡೆದುಕೊಂಡರು. ಕಾಲು ಗಿಡ್ಡವಾದರೂ, ಮಂಡಿ ಬಿಗಿದುಕೊಂಡರೂ ಎದ್ದು ಹೋದರು. ಬಚ್ಚಲಲ್ಲಿ ಜಾರಿ ಸೊಂಟದ ಬಳಿ ಮುರಿದುಕೊಂಡು ಬಂದ ಅಜ್ಜಿಯರ ಪಾಡು ಬೇರೆ. ಬೆನ್ನಿಗೆ ಸ್ಪಿರಿಟ್ ಉಜ್ಜಿ ಪೌಡರ್ ಹಾಕುತ್ತಿದ್ದೆವು, ಆದಷ್ಟು ಸೊಂಟ ಎತ್ತಿಸುತ್ತಿದ್ದೆವು. ಆದರೂ ಟ್ರಾಕ್ಷನ್‌ನಲ್ಲಿರುವವರನ್ನು ಮಗ್ಗುಲಾಗಿಸುವುದು ಹೇಗೆ? ಮೊದಲು ಹಾಸಿಗೆ ಹುಣ್ಣು, ಆಮೇಲೆ ಕಫ, ಜ್ವರ. ಮರಣದ ಕಾಗದದಲ್ಲಿ ನ್ಯುಮೋನಿಯ ಎಂದು ಬರೆಯುತ್ತಿದ್ದರು. ಅದನ್ನು ತಂದದ್ದು ಹಾಸಿಗೆ ಎಂದು ವಾರ್ಡಿನ ಆಯಾಗಳಿಗೂ ಗೊತ್ತಿತ್ತು.

ಆಗ ಆಪರೇಷನ್ ಇರಲಿಲ್ಲವೆಂದಲ್ಲ. ಜರ್ಮನಿಯ ಕೀಲ್ ನಗರದಲ್ಲಿ ಗೆರ್ಹಾರ್ಡ್ ಕ್ಯುಂಚರ್ 1939ರಲ್ಲೇ ತೊಡೆಮೂಳೆಯ ಪೊಳ್ಳಿನೊಳಗೆ ಉದ್ದನೆಯ ಉಕ್ಕಿನ ಸಲಾಕೆ ಹೊಡೆದಿದ್ದರು. ನಮ್ಮಲ್ಲಿ ಅದು ‘ಕೆ-ನೇಲ್’. ಮೂಳೆಯ ನಡುಭಾಗದಲ್ಲಿ ನೇರವಾಗಿ ಮುರಿದಿದ್ದರೆ ಅದು ಚೆನ್ನಾಗಿ ಹಿಡಿಯುತ್ತಿತ್ತು. ಚೂರುಚೂರಾಗಿದ್ದರೆ ಮೂಳೆ ಸಲಾಕೆಯ ಸುತ್ತ ತಿರುಗುತ್ತಿತ್ತು, ಕುಸಿಯುತ್ತಿತ್ತು. ನಮ್ಮ ಥಿಯೇಟರಿನಲ್ಲಿ ಸಿ-ಆರ್ಮ್, ಅಂದರೆ ಆಪರೇಷನ್ ನಡೆಯುವಾಗಲೇ ಎಕ್ಸ್‌ರೇ ತೋರಿಸುವ ಯಂತ್ರ, ಇಲ್ಲದ್ದರಿಂದ ಮುರಿದ ಜಾಗವನ್ನು ಸೀಳಿ, ಕಣ್ಣಿಂದ ನೋಡಿಯೇ ಜೋಡಿಸಬೇಕು. ಪ್ಲೇಟ್ ಹಾಕುವಾಗ ಗಾಯ ಇನ್ನೂ ಉದ್ದ; ಮೂಳೆಯ ಮೇಲಿನ ಪೊರೆಯನ್ನೇ ಕೆರೆದು ಬಿಡಿಸುತ್ತಿದ್ದರು. ಎಕ್ಸ್‌ರೇಯಲ್ಲಿ ಜೋಡಣೆ ಗೆರೆ ಎಳೆದಂತೆ ಕಾಣುತ್ತಿತ್ತು. ಆದರೆ ಮೂಳೆಗೆ ರಕ್ತ ಹೋಗುವುದು ಆ ಪೊರೆಯಿಂದಲೂ ಹೌದು. ರಕ್ತ ತಪ್ಪಿದ ಮೂಳೆ ಕೂಡದೆ ಉಳಿದರೆ ಪ್ಲೇಟೇ ದಣಿದು ಮುರಿಯುತ್ತದೆ. ಕೀವಾದರಂತೂ ವರ್ಷಗಟ್ಟಲೆ ಡ್ರೆಸ್ಸಿಂಗ್.

ನಾನು ನಿವೃತ್ತಳಾಗುವ ಹೊತ್ತಿಗೆ ಇದೆಲ್ಲ ತಲೆಕೆಳಗಾಗಿತ್ತು. ಸೊಂಟದ ಬಳಿ ಸಣ್ಣ ಗಾಯ ಮಾಡಿ, ಸಿ-ಆರ್ಮ್ ಪರದೆ ನೋಡುತ್ತ ನೇಲ್ ಇಳಿಸಿ, ಎರಡೂ ತುದಿಗೆ ಅಡ್ಡ ಸ್ಕ್ರೂ ಹಾಕುತ್ತಾರೆ. ಮೂಳೆ ತಿರುಗುವುದಿಲ್ಲ, ಕುಸಿಯುವುದಿಲ್ಲ. ಮುರಿದ ಜಾಗವನ್ನು ತೆರೆಯುವುದೇ ಇಲ್ಲ. ಏಕೆಂದರೆ ಹೊಸ ಮೂಳೆ ಹುಟ್ಟಲು ಶುರುವಾಗುವುದೇ ಅಲ್ಲಿ ಹೆಪ್ಪುಗಟ್ಟಿದ ರಕ್ತದಿಂದ. ಪ್ಲೇಟನ್ನೂ ಈಗ ಎಷ್ಟೋ ಕಡೆ ಮಾಂಸದಡಿ ಜಾರಿಸಿ ಕೂರಿಸುತ್ತಾರೆ. ಕೀಲಿನೊಳಗೇ ಬಿರುಕು ಬಂದಿದ್ದರೆ ಮಾತ್ರ ತೆರೆದು ನೋಡಿ ಜೋಡಿಸುವ ಹಳೆಯ ಶಿಸ್ತೇ ಸರಿ: ಅಲ್ಲಿ ಮೇಲ್ಮೈಯನ್ನು ಸಮ ಮಾಡದಿದ್ದರೆ ಮುಂದೆ ಸವೆತ ತಪ್ಪದು.

ಕೀಲು ಬದಲಿಸುವ ವಿದ್ಯೆಯೂ ಹೊಸದಲ್ಲ. ಇಂಗ್ಲೆಂಡಿನ ಜಾನ್ ಚಾರ್ನ್‌ಲಿ 1962ರಲ್ಲೇ ಲೋಹದ ಗುಂಡು, ಪಾಲಿಥೀನ್ ಬಟ್ಟಲು ಸೇರಿಸಿ ಬಾಳಿಕೆ ಬರುವ ಸೊಂಟದ ಕೀಲು ಕೂರಿಸಿದ್ದರು. ನಮ್ಮ ವಾರ್ಡಿನಲ್ಲಿ ಮಂಡಿ ಸವೆದವರಿಗೆ ಸಿಗುತ್ತಿದ್ದದ್ದು ಮಾತ್ರೆ ಮತ್ತು ಕೋಲು. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಹೆಚ್ಚು ಬಳಕೆಯಲ್ಲಿರುವ ಕೃತಕ ಮಂಡಿಗೆ, ಜಿಎಸ್‌ಟಿ ಬಿಟ್ಟು, 54,720 ರೂಪಾಯಿಯ ಮಿತಿ ಹಾಕಿತು. ನಡೆಯಲಾರದೆ ಕೂತವರಿಗೆ ಇದು ದೊಡ್ಡ ನೆರವು. ಆದರೆ ಮಂಡಿ ನೋಯಲು ಶುರುವಾದ ಕೂಡಲೇ ಕೀಲು ಬದಲಿಸಲು ಓಡುವುದನ್ನು ನಾನು ಒಪ್ಪುವುದಿಲ್ಲ. ತೊಡೆಯ ಮಾಂಸಖಂಡ ಗಟ್ಟಿ ಮಾಡುವ ವ್ಯಾಯಾಮವನ್ನು ಮೊದಲು ಮನಸ್ಸಿಟ್ಟು ಮಾಡಲಿ. ಮಕ್ಕಳ ಮುಂಗೈ ಮುರಿತಕ್ಕೂ ಬಹುಪಾಲು ಪಿಓಪಿ ಕಟ್ಟೇ ಸಾಕು. ಹಾಗೆಂದು ಬಿದಿರು ದಬ್ಬೆಯ ಬಿಗಿಕಟ್ಟಿಗೆ ಹೋಗಬಾರದು. ರಕ್ತ ನಿಂತು ಕಪ್ಪಾದ ಎಳೆಯ ಬೆರಳುಗಳನ್ನು ನಾನು ನೋಡಿದ್ದೇನೆ.

ಈಗ ಸೊಂಟ ಮುರಿದ ಅಜ್ಜಿಗೆ ಒಂದೆರಡು ದಿನದೊಳಗೆ ಆಪರೇಷನ್ ಆದರೆ, ಮಾರನೆಯ ದಿನವೇ ವಾಕರ್ ಕೊಟ್ಟು ನಿಲ್ಲಿಸುತ್ತಾರೆ. ತಡವಾಗುವುದು ಮನೆಯವರು ದುಡ್ಡು ಹೊಂದಿಸುವಾಗ, ದೂರದ ಮಗನಿಗೆ ಕಾಯುವಾಗ. ಮನೆಗೆ ಹೋದ ಮೇಲೂ ಕೆಲವರು ‘ಅಜ್ಜಿಗೆ ನೋವಾಗುತ್ತದೆ’ ಎಂದು ವಾಕರನ್ನು ಅಟ್ಟಕ್ಕೆ ಹಾಕಿ, ಊಟ, ಬೆಡ್‌ಪ್ಯಾನ್ ಎಲ್ಲವನ್ನೂ ಮಂಚದಲ್ಲೇ ಮಾಡಿಸುತ್ತಾರೆ. ನೇಲ್ ಸರಿಯಾಗಿ ಕೂತು ಮೂಳೆ ಕೂಡಿದ್ದರೂ ಹಾಸಿಗೆ ಹುಣ್ಣಿನೊಂದಿಗೆ ತಿರುಗಿ ಬಂದವರಿಗೆ, ನನ್ನ ಕೆಲಸದ ಕೊನೆಯ ವರ್ಷಗಳಲ್ಲೂ ಡ್ರೆಸ್ಸಿಂಗ್ ಮಾಡಿದ್ದೇನೆ.